ಒಂದೇ ಎತ್ತರದ ಇಬ್ಬರು

ನಮ್ಮ ಊರು ನೀರಿನಡಿಗೆ ಹೋಗುವುದರೊಳಗೆ ಒಬ್ಬ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸಲೇಬೇಕೆಂದು ನಾನು ಹಟ ತೊಟ್ಟಿದ್ದೆ. ಊರು ಹೋಗುವುದಂತೂ ಖಾತ್ರಿಯಾಗಿತ್ತು. ಮೆಟ್ಟೂರಿನಲ್ಲಿ ಕಾವೇರಿಗೆ ಕಟ್ಟುತ್ತಿದ್ದ ಅಣೆ ಮುಗಿಯುತ್ತ ಬಂದಿತ್ತು. ನಮ್ಮ ಹೊಲ, ಮನೆ, ಹುಣಸೆ ತೋಪು, ಊರಮ್ಮನ ಗುಡಿ ಎಲ್ಲವೂ ನೀರು ನಿಲ್ಲುವ ಜಾಗದಲ್ಲಿದ್ದವು. ಸರ್ಕಾರದ ಆಳುಗಳು ಬಂದು ಎಲ್ಲಿಯವರೆಗೆ ನೀರು ಬರುತ್ತದೆಂದು ಬಂಡೆಗಳ ಮೇಲೆ ಸುಣ್ಣದ ಗೆರೆ ಎಳೆದು ಹೋಗಿದ್ದರು. ಜನ ಮನೆಯ ತೊಲೆ, ಬಾಗಿಲು, ಬೀಸುವ ಕಲ್ಲು ಎಲ್ಲವನ್ನೂ ಕಿತ್ತು ಗಾಡಿಗೆ ಹೇರಿ ಮೇಚೇರಿಯ ಕಡೆಯ ಎತ್ತರದ ದಿಣ್ಣೆಗೆ, ಮೇಡಿಗೆ, ಸಾಗಿಸುತ್ತಿದ್ದರು. ಎಲ್ಲರಿಗೂ ಊರು ಹೋಗುವ ಸಂಕಟ. ನನಗೆ ಮಾತ್ರ ಬೇರೆ ಚಿಂತೆ. ಊರು ಚೆದುರಿ, ಮೂಲೆಮನೆಯವನು ಒಂದು ದಿಕ್ಕಿಗೆ, ನಾವು ಒಂದು ದಿಕ್ಕಿಗೆ ಹೋಗಿಬಿಟ್ಟರೆ, ಅವನು ಆಡಿದ ಸುಳ್ಳನ್ನು ಅವನೇ ನುಂಗುವುದನ್ನು ನೋಡಲು ಊರ ಜನ ಒಂದೆಡೆ ಸಿಗುವುದಿಲ್ಲವಲ್ಲ ಎಂಬುದೇ ಚಿಂತೆ.

ಮೂಲೆಮನೆಯವನು ನಮ್ಮಣ್ಣನ ಓರಗೆಯವನು. ಇಬ್ಬರೂ ಒಟ್ಟಿಗೆ ದನ ಮೇಯಿಸಿದವರು, ಒಂದೇ ಮಡುವಿನಲ್ಲಿ ಈಜು ಕಲಿತವರು. ಮೇಚೇರಿಯ ಸಾಹುಕಾರನೊಬ್ಬನ ಕುರಿಗಳು ಹಟ್ಟಿಯಿಂದ ಕಳವಾದಾಗ ಪೊಲೀಸರು ನಮ್ಮ ಊರಿಗೆ ಬಂದರು. ಆಗ ಇವನು ಮುಂದೆ ಬಂದು, ಬೆಳಗಿನ ಜಾವ ಹಳ್ಳದಲ್ಲಿ ನಮ್ಮಣ್ಣ ಕುರಿ ಹೊಡೆದುಕೊಂಡು ಹೋಗುತ್ತಿದ್ದುದನ್ನು ಕಣ್ಣಾರೆ ಕಂಡೆ ಎಂದ. ಕೋರ್ಟಿನಲ್ಲೂ ಅದನ್ನೇ ಹೇಳಿದ. ಆ ಹೊತ್ತಿಗೆ ನಮ್ಮಣ್ಣ ಮನೆಯಲ್ಲಿದ್ದ. ಅವ್ವನಿಗೆ ಜ್ವರವೆಂದು ಒಲೆ ಹಚ್ಚಿ ಅಂಬಲಿ ಕಾಯಿಸುತ್ತಿದ್ದ. ಅದನ್ನು ನಾನು ಹೇಳಿದೆ, ಅವ್ವ ಹೇಳಿದಳು. ಮನೆಯವರ ಮಾತನ್ನು ಯಾರು ನಂಬುತ್ತಾರೆ? ಅಣ್ಣನನ್ನು ಜೈಲಿಗೆ ಹಾಕಿದರು.

ಅವನು ತಿರುಗಿ ಬಂದಾಗ, ಮದುವೆಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಎಲೆ ಅಡಿಕೆ ವಾಪಸು ಕಳಿಸಿದ್ದರು. ಅವನು ಬೀದಿಯಲ್ಲಿ ನಡೆದರೆ ಬೆನ್ನ ಹಿಂದೆ ಯಾರಾದರೂ ಕುರಿಯಂತೆ ಅರಚುತ್ತಿದ್ದರು. ಅವನು ತಿರುಗಿ ನೋಡುತ್ತಿರಲಿಲ್ಲ. ಕೆಲವು ವಾರ ಹೀಗೆ ಕಳೆದ ಮೇಲೆ, ಸಿಲೋನಿನ ಟೀ ತೋಟಗಳಿಗೆ ಆಳು ಸೇರಿಸಲು ಮೇಚೇರಿ ಸಂತೆಗೆ ಬಂದಿದ್ದ ಕಂಗಾಣಿಯ ಗಾಡಿ ಹತ್ತಿದ. ಅವ್ವ ಸಂತೆಯವರೆಗೂ ಅಳುತ್ತ ಹಿಂದೆ ನಡೆದಳು. ಅವಳಿಗೂ ಅವನು ತಿರುಗಿ ನೋಡಲಿಲ್ಲ.

ಅವನು ಹೋದ ಮೇಲೆ ನಿಜ ಸೋರತೊಡಗಿತು. ಆ ಕುರಿಗಳನ್ನು ದೂರದ ನಲ್ಲಂಪಳ್ಳಿಯ ಕಡೆ ಮಾರಿದವನು ಮೂಲೆಮನೆಯವನ ಬಾಮೈದ. ಹೆಂಡತಿಯ ತಮ್ಮನನ್ನು ಉಳಿಸಲು ಇವನು ನಮ್ಮಣ್ಣನ ಕುತ್ತಿಗೆಗೆ ಹಗ್ಗ ಹಾಕಿದ. ಊರಿಗೆ ಊರೇ ಇದನ್ನು ಅರ್ಧಂಬರ್ಧ ತಿಳಿದಿತ್ತು, ಒಬ್ಬರೂ ಬಾಯಿಬಿಡಲಿಲ್ಲ. ಬಾಮೈದ ಅಷ್ಟರಲ್ಲಿ ಊರು ಬಿಟ್ಟಿದ್ದ. ಇವನು ಮಾತ್ರ ಏನೂ ಆಗದವನಂತೆ ಊರಮ್ಮನ ಗುಡಿಯಲ್ಲಿ ಪೂಜೆಯ ಹೊತ್ತಿಗೆ ತಮಟೆ ಬಾರಿಸುತ್ತಿದ್ದ. ಅವನ ತಮಟೆಯ ಸದ್ದು ಕೇಳಿಸಿದರೆ ಅವ್ವ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗುಡಿಗೆ ಹೋಗುವುದನ್ನೇ ಅವಳು ಬಿಟ್ಟಳು.

ಗುಡಿಯ ಪೂಜೆ ಮಾಡುತ್ತಿದ್ದವಳು ಒಬ್ಬ ಹೆಂಗಸು. ಗಂಡ ಪೂಜಾರಿಯಾಗಿದ್ದ, ಅವನು ತೀರಿದ ಮೇಲೆ ಮಕ್ಕಳಿಲ್ಲದ ಆಕೆಯೇ ಗಂಟೆ ಹಿಡಿದಳು. ಮೊದಮೊದಲು ಗೊಣಗಿದವರೂ ಆಮೇಲೆ ಸುಮ್ಮನಾದರು. ದಪ್ಪ ಮೈ, ದೊಡ್ಡ ದನಿ, ಬಾಯಿ ತುಂಬ ಹೊಗೆಸೊಪ್ಪು. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಪೂಜಾರಕ್ಕ.

ಗುಡಿಯನ್ನು ನೀರಿಗೆ ಬಿಡಬಾರದು, ಕಲ್ಲು ಕಲ್ಲಾಗಿ ಬಿಚ್ಚಿ ಮೇಡಿಗೆ ಒಯ್ದು ಕಟ್ಟಬೇಕು ಎಂದು ಮೊದಲು ಹೇಳಿದವಳು ಅವಳು. ಸರ್ಕಾರದವರು ದೇವಿಯ ವಿಗ್ರಹ ಒಯ್ದರೆ ಸಾಕು, ಕಲ್ಲು ಯಾಕೆ ಎಂದಿದ್ದರಂತೆ. ಊರ ಹಿರಿಯರಿಗೂ ಅದೇ ಸರಿ ಎನ್ನಿಸಿತ್ತು. ಅವರವರ ಮನೆ ಸಾಗಿಸುವುದೇ ಭಾರವಾಗಿರುವಾಗ ಗುಡಿಯ ಕಂಬ ಹೊರುವವರು ಯಾರು? ಪೂಜಾರಕ್ಕ ಯಾರ ಮೇಲೂ ಒತ್ತಾಯ ಮಾಡಲಿಲ್ಲ. ಒಂದು ಬೆಳಿಗ್ಗೆ ತಾನೇ ಗುಡಿಯ ಹಿತ್ತಾಳೆ ದೀಪಗಳನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಮೇಡಿನ ದಾರಿ ಹಿಡಿದಳು. ಮರುದಿನ ಗಂಟೆ ಹೊತ್ತಳು. ಅದರ ಮರುದಿನ ಅವಳ ಹಿಂದೆ ನಾಲ್ಕು ಜನ ನಡೆದರು. ವಾರ ಕಳೆಯುವುದರೊಳಗೆ ಗುಡಿಯ ಮುಂದೆ ಬೆಳಿಗ್ಗೆ ಹೊತ್ತು ಊರಿನ ಅರ್ಧ ಗಂಡಸರು ಬೊಂಬು, ಹಗ್ಗ ಹಿಡಿದು ನಿಲ್ಲುತ್ತಿದ್ದರು.

ಆಮೇಲೆ ನಾನು ಜೀವನದಲ್ಲಿ ಎಷ್ಟೋ ಮೇಸ್ತ್ರಿಗಳನ್ನು ಕಂಡೆ. ಅವಳಂತೆ ಆಳು ನಡೆಸಿದವರನ್ನು ಕಾಣಲಿಲ್ಲ. ನೀನು ಇದನ್ನು ಮಾಡು ಎಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು, ಇದು ಯಾರ ಕೈಲಿ ಆದೀತು ಎಂದು ಕೇಳಿ ಸುಮ್ಮನೆ ನಿಲ್ಲುತ್ತಿದ್ದಳು. ಹಸಿದುಕೊಂಡು ಬಂದವನನ್ನು ಮುಖ ನೋಡಿಯೇ ಹಿಡಿದು, ಮೊದಲು ಹಿಟ್ಟು ಉಣ್ಣಿಸಿ ಆಮೇಲೆ ಹಗ್ಗ ಕೊಡುತ್ತಿದ್ದಳು. ಮಗುವಿಗೆ ಹುಷಾರಿಲ್ಲದವನು ಬಂದರೆ ಬೈದು ಮನೆಗೆ ಅಟ್ಟುತ್ತಿದ್ದಳು. ಕಾಲು ಸೊಟ್ಟಗಿದ್ದ ಒಬ್ಬ ಮುದುಕನಿಗೆ ಹೊರಲು ಆಗುತ್ತಿರಲಿಲ್ಲ. ಅವನನ್ನು ಮುಂದೆ ನಡೆಸಿ ಹೆಜ್ಜೆ ಕೂಗಲು ಹಚ್ಚಿದಳು. ಅವನ ಕೂಗಿಲ್ಲದೆ ಕಲ್ಲು ಏಳುತ್ತಲೇ ಇರಲಿಲ್ಲ ಎನ್ನುವಂತಾಯಿತು. ಒಮ್ಮೆ ಇಬ್ಬರು ಮಾತಾಡುತ್ತ ಅಜಾಗರೂಕತೆಯಿಂದ ಒಂದು ಕಂಬವನ್ನು ಬೀಳಿಸಿ ಎರಡು ತುಂಡು ಮಾಡಿದರು. ಅದು ಅವಳ ಗಂಡನ ಮುತ್ತಜ್ಜ ನಿಲ್ಲಿಸಿದ ಕಂಬವಂತೆ. ಎಲ್ಲರೂ ಅವಳ ಬಾಯಿಗೆ ಹೆದರಿ ನಿಂತೆವು. ಅವಳು ತುಂಡುಗಳ ಪಕ್ಕದಲ್ಲಿ ಕುಳಿತು ಕಣ್ಣೊರೆಸಿಕೊಂಡಳು. ಆಮೇಲೆ ಇಬ್ಬರ ಪಾದಗಳನ್ನೂ ನೋಡಿ, "ಕಾಲ್ಮೇಲೆ ಬೀಳ್ಲಿಲ್ಲ ಅಲ್ವಾ? ಪರವಾಯಿಲ್ಲೆ ಬುಡಿ. ಮೆಟ್ಲಿಗಾಯ್ತದೆ," ಎಂದಳು. ಆ ಇಬ್ಬರು ಅಂದಿನಿಂದ ಉಳಿದವರ ಎರಡರಷ್ಟು ದುಡಿದರು.

ನಾನು ಆ ಕೆಲಸಕ್ಕೆ ಸೇರಿದ್ದು ಭಕ್ತಿಯಿಂದಲ್ಲ. ಮೂಲೆಮನೆಯವನು ಅಲ್ಲಿದ್ದ, ಅದಕ್ಕೆ ಸೇರಿದೆ. ಅವನ ಮೇಲೊಂದು ಕಣ್ಣಿಟ್ಟಿರಬೇಕೆಂದುಕೊಂಡೆ. ಆದರೆ ಮೊದಲ ದಿನವೇ ಪೂಜಾರಕ್ಕ ನನ್ನನ್ನು ಅವನ ಜೊತೆ ಒಂದೇ ಬೊಂಬಿಗೆ ಹಚ್ಚಿದಳು. ನಾನು ಬೊಂಬು ಕೆಳಗಿಟ್ಟೆ. ಬೇರೆ ಯಾರ ಜೊತೆಯಾದರೂ ಹೊರುತ್ತೇನೆ, ಇವನ ಜೊತೆ ಆಗದು ಎಂದೆ. ಅವಳಿಗೆ ನಮ್ಮ ಕತೆ ಗೊತ್ತಿಲ್ಲದೆ ಏನಿಲ್ಲ.

"ನೀವಿಬ್ರೂ ಒಂದೇ ಎತ್ರ ಇದ್ದೀರಿ," ಎಂದಳು. "ಬೇರೆಯೋನ್ನ ಆಕಿದ್ರೆ ಬೊಂಬು ಓರೆಯಾಯ್ತದೆ, ಕಲ್ಲು ಜಾರ್ತದೆ. ನಾನೇನ್ಲಾ ಮಾಡ್ಲಿ?"

ಅದು ನಿಜವೇ. ಇಡೀ ಊರಿನಲ್ಲಿ ಅಷ್ಟು ಎತ್ತರದವರು ನಾವಿಬ್ಬರೇ. ಅವಳು ಬೇಕೆಂದೇ ಹೀಗೆ ಮಾಡಿದಳೋ, ಬರೀ ಬೊಂಬಿನ ಲೆಕ್ಕ ನೋಡಿದಳೋ, ಇಂದಿಗೂ ನನಗೆ ಹೇಳಲಾಗದು.

ಹೀಗೆ ಬೇಸಿಗೆಯುದ್ದಕ್ಕೂ ನಾನು ನನ್ನ ವೈರಿಯ ಬೆನ್ನು ನೋಡುತ್ತ ನಡೆದೆ. ಅವನು ಮುಂದೆ, ನಾನು ಹಿಂದೆ, ನಡುವೆ ಹಗ್ಗದಲ್ಲಿ ತೂಗುವ ಕಲ್ಲು. ಅವನು ಮಾತಾಡಿಸಲು ಯತ್ನಿಸಲಿಲ್ಲ, ನಾನೂ ಮಾತಾಡಲಿಲ್ಲ. ಅವನ ಕತ್ತಿನ ಮೇಲೆ ಒಂದು ಹಳೆಯ ಗಾಯದ ಕಲೆಯಿತ್ತು. ಚಿಕ್ಕಂದಿನಲ್ಲಿ ಮರದಿಂದ ಬಿದ್ದಾಗ ಆದದ್ದು, ಅವನನ್ನು ಮನೆಗೆ ಹೊತ್ತು ತಂದವನು ನಮ್ಮಣ್ಣ. ದಾರಿಯುದ್ದಕ್ಕೂ ನನ್ನ ಕಣ್ಣು ಅದೇ ಕಲೆಯ ಮೇಲೆ.

ಮೇಡಿಗೆ ಹತ್ತುವಲ್ಲಿ ಒಂದು ಕಡಿದಾದ ಏರು. ಹತ್ತುವಾಗ ಕಲ್ಲಿನ ಭಾರವೆಲ್ಲ ಹಿಂದಿನವನ ಹೆಗಲಿಗೆ ಬರುತ್ತದೆ. ಒಂದು ದಿನ ಹೊಸ್ತಿಲ ಕಲ್ಲನ್ನು ಹೊತ್ತು ಆ ಏರಿನ ನಡುವೆ ಇದ್ದೆವು. ನಾನು ಹೆಗಲು ಕೊಂಚ ಓರೆ ಮಾಡಿದರೆ ಸಾಕು, ಬೊಂಬು ಜಾರಿ, ಅವನು ಮಗುಚಿ, ಕಲ್ಲು ಅವನ ಕಾಲಿನ ಮೇಲೆ ಕೂರುತ್ತಿತ್ತು. ಯಾರೂ ನನ್ನನ್ನು ಅನುಮಾನಿಸುತ್ತಿರಲಿಲ್ಲ. ಹೆಗಲು ಓರೆ ಮಾಡಿಯೂ ಮಾಡಿದೆ. ಬೊಂಬು ಜಾರುವುದು ತಿಳಿಯಿತು. ಅಷ್ಟರಲ್ಲಿ ಸರಿಪಡಿಸಿಕೊಂಡೆ. ಕನಿಕರದಿಂದಲ್ಲ. ಅವನ ಕಾಲು ಮುರಿದರೆ ಏನಾಗುತ್ತಿತ್ತೆಂದು ನನ್ನ ಕಣ್ಣಿಗೆ ಕಟ್ಟಿತು: ಊರ ಹೆಂಗಸರು ಅವನ ಮನೆಗೆ ಗಂಜಿ ಒಯ್ಯುತ್ತಾರೆ, ಅಮ್ಮನ ಕೆಲಸದಲ್ಲಿ ಕಾಲು ಕಳೆದುಕೊಂಡ ಪುಣ್ಯಾತ್ಮನೆನ್ನುತ್ತಾರೆ, ನಮ್ಮಣ್ಣ ಮಾತ್ರ ಕುರಿಗಳ್ಳನಾಗಿಯೇ ಉಳಿಯುತ್ತಾನೆ. ನನಗೆ ಅವನ ಕಾಲು ಬೇಡವಾಗಿತ್ತು. ಬಾಯಿ ಬೇಕಿತ್ತು.

ಅಂದು ಮೇಡಿನ ಬೇವಿನ ಮರದಡಿ ಪೂಜಾರಕ್ಕ ಎಲ್ಲರ ಹೆಗಲಿಗೂ ಬಿಸಿ ಹರಳೆಣ್ಣೆ ಹಚ್ಚುತ್ತ ಬಂದಳು. ಅವನಿಗೆ ಹಚ್ಚಿದ ಕೈಯಲ್ಲೇ ನನಗೂ ಹಚ್ಚಿದಳು. ನನ್ನ ಹೆಗಲು ಬಾತು ಕೆಂಪಾಗಿತ್ತು, ಅವನದು ಅಷ್ಟಾಗಿರಲಿಲ್ಲ.

"ಸಮ ಜಾಗದಾಗೂ ಕಲ್ಲನ್ನ ನಿನ್ ಕಡೆಗೇ ಎಳ್ಕಂಡು ಕಟ್ತೀಯ," ಎಂದು ಮೆಲ್ಲಗೆ ಹೇಳಿದಳು. "ಅವನ ಅಂಗು ರುಣ ಏನೂ ಬ್ಯಾಡ ಅಂತ. ಅಲ್ವಾ?"

ಅವಳು ಎಣ್ಣೆ ತೀಡುತ್ತಲೇ ಇದ್ದಳು. ಅವಳಿಗೆ ಎಲ್ಲವೂ ಕಾಣುತ್ತಿತ್ತು. ಅದಕ್ಕೇ ನಾನು ನನ್ನ ಮುಂದಿನ ಹೂಟವನ್ನು ಅವಳಿಂದ ಮುಚ್ಚಿಟ್ಟೆ.

ನಮ್ಮ ಕಡೆ ಹಿಂದೆ ಒಂದು ಪದ್ಧತಿಯಿತ್ತು. ಒಬ್ಬ ಹೇಳಿದ ಮಾತು ನಿಜವೋ ಸುಳ್ಳೋ ತೀರ್ಮಾನವಾಗದಿದ್ದರೆ ದೇವಿಯ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಿದ್ದರು. ಮಾತು ನಿಜವೆಂದು ಹೇಳುವವನು ಉರಿಯುವ ಕರ್ಪೂರವನ್ನು ಅಂಗೈಯಿಂದ ಅದುಮಿ ಆರಿಸಬೇಕು. ಸುಳ್ಳನಾಗಿದ್ದು ಆರಿಸಿದವನ ಮನೆಯ ದೀಪ ಆರುತ್ತದೆಂದು ನಂಬಿಕೆ. ಪೂಜಾರಕ್ಕ ಗಂಟೆ ಹಿಡಿದ ಮೇಲೆ ಇದನ್ನು ನಿಲ್ಲಿಸಿದ್ದಳು. ಅವಳ ಗಂಡನ ಕಾಲದಲ್ಲಿ ಒಬ್ಬ ಬಡ ಹೆಂಗಸು ಹೀಗೆ ಸತ್ಯ ಮಾಡಿ ಗೆದ್ದಿದ್ದಳಂತೆ. ಕೆಲವೇ ದಿನಕ್ಕೆ ಅವಳ ಮಗುವಿಗೆ ಸಿಡುಬಿನ ಅಮ್ಮ ಎದ್ದು, ಅದು ಸತ್ತಿತು. ಊರೆಲ್ಲ ಅವಳನ್ನು ಸುಳ್ಳಿಯೆಂದು ಕಲ್ಲು ಹೊಡೆಯದೆ, ಮಾತಿನಲ್ಲೇ ಕೊಂದಿತು. ಅವಳು ನಿಜ ಹೇಳಿದ್ದಳೆಂದು ಆಮೇಲೆ ಗೊತ್ತಾಯಿತು. ತನ್ನ ಕೈಯಿಂದ ಆ ತಟ್ಟೆ ಹಿಡಿಯುವುದಿಲ್ಲವೆಂದು ಪೂಜಾರಕ್ಕ ಗಂಟೆ ಹಿಡಿದ ದಿನವೇ ಹೇಳಿದ್ದಳು.

ಇದೆಲ್ಲ ಗೊತ್ತಿದ್ದೇ ನಾನು ಹಿರಿಯರ ಕಿವಿ ಕಚ್ಚಿದೆ. ಹೊಸ ಗುಡಿಯಲ್ಲಿ ದೇವಿಯನ್ನು ಕೂರಿಸುವ ಮೊದಲು ಊರ ಹಳೆಯ ಮನಸ್ತಾಪಗಳೆಲ್ಲ ತೀರಬೇಕು, ಕಲ್ಮಶ ಇಟ್ಟುಕೊಂಡು ಅಮ್ಮನನ್ನು ಒಳಗೆ ಕರೆದರೆ ಹೊಸ ಊರು ಉದ್ಧಾರವಾಗುವುದಿಲ್ಲ ಎಂದೆ. ಊರು ಕಳೆದುಕೊಂಡ ಜನಕ್ಕೆ ಹೆದರಿಕೆ ಬೇಗ ಹತ್ತುತ್ತದೆ. ಒಬ್ಬೊಬ್ಬರಾಗಿ ತಲೆಯಾಡಿಸಿದರು. ನನಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಮೂಲೆಮನೆಯವನು ಕಲ್ಲು ಹೊರುವಾಗ ಹೆಜ್ಜೆಹೆಜ್ಜೆಗೂ ಅಮ್ಮ, ಅಮ್ಮ ಎಂದು ಉಸಿರೊಳಗೇ ಹೇಳಿಕೊಳ್ಳುತ್ತಿದ್ದ. ಹಿಂದಿನಿಂದ ನನಗೆ ಕೇಳಿಸುತ್ತಿತ್ತು. ಆ ಬೇಸಿಗೆಯಲ್ಲಿ ಅವನ ಭಕ್ತಿ ಬೆಳೆದುಬಿಟ್ಟಿತ್ತು. ಅವನು ಕರ್ಪೂರ ಆರಿಸಲಾರ. ಅವನ ಭಕ್ತಿಯೇ ನನ್ನ ಉರುಳು.

ಆ ದಿನ ಬಂತು. ಹಳೆಯ ಕಲ್ಲುಗಳಿಂದ ಗೋಡೆ ಎದ್ದಿತ್ತು, ಮೇಲೆ ಸದ್ಯಕ್ಕೆ ತಾಳೆಗರಿಯ ಮಾಡು. ದೇವಿಯ ವಿಗ್ರಹವನ್ನು ಹಲಗೆಯ ಮೇಲೆ ಬೇವಿನ ಮರದ ಪಕ್ಕ ಇಳಿಸಿದ್ದರು. ಬಿಸಿಲು ಏರುತ್ತಿತ್ತು. ಅವ್ವ ಎಷ್ಟೋ ಕಾಲದ ಮೇಲೆ ದೇವಿಯ ಮುಂದೆ ಬಂದು ಹೆಂಗಸರ ಹಿಂದೆ ನಿಂತಿದ್ದಳು; ನಾನೇ ಬಾ ಎಂದಿದ್ದೆ. ಪೂಜಾರಕ್ಕ ನೀರಿನ ಕೊಡ ಹೊತ್ತು ಬಂದಾಗ ಕಂಡದ್ದು ದೇವಿಯ ಮುಂದೆ ಇಟ್ಟಿದ್ದ ಕರ್ಪೂರದ ತಟ್ಟೆ. ಇದು ಯಾತಕ್ಕೆ ಎಂದು ಕೇಳಿದಳು. ಒಬ್ಬ ಹಿರಿಯ ತೊದಲುತ್ತ ಉತ್ತರ ಹೇಳಿದ. ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಕೊಡ ಇಳಿಸಿ ಪಕ್ಕಕ್ಕೆ ನಿಂತಳು.

ನಾನು ಮೂಲೆಮನೆಯವನನ್ನು ಕರೆದೆ. ಅಣ್ಣನ ಓರಗೆಯವನಾದ್ದರಿಂದ ಅವನನ್ನು ಅಣ್ಣ ಎಂದೇ ಕರೆಯಬೇಕು. ಹಾಗೆಯೇ ಕರೆದೆ.

"ಬಾರಣ್ಣ. ನಮ್ಮಣ್ಣ ಕುರಿ ಒಡ್ಕಂಡು ಓಗಿದ್ದನ್ನ ನೀನು ಕಂಡಿದ್ದು ನಿಜ ಅಂದ್ರೆ ಈ ಕರ್ಪೂರ ಆರ್ಸು. ಅಷ್ಟೇ ಸಾಕು. ನಾನು ನಿನ್ ಕಾಲಿಗೆ ಬೀಳ್ತೀನಿ."

ಒಬ್ಬ ಹಿರಿಯ ಕರ್ಪೂರ ಹಚ್ಚಿದ. ಅವನು ಮುಂದೆ ಬಂದ. ಅವನ ಹೆಂಡತಿ ತುಂಬಿದ ಬಸುರಿ, ಹೆಂಗಸರ ನಡುವೆ ನೆಲಕ್ಕೆ ಕುಸಿದು ಕುಳಿತಳು. ಅವನು ಅಂಗೈ ಚಾಚಿದ. ನನ್ನ ಅಂಗೈಯಂತೆಯೇ ಅದೂ ಹಗ್ಗ ಉಜ್ಜಿ ದಡ್ಡುಗಟ್ಟಿತ್ತು. ಉರಿಯ ಮೇಲೆ ಆ ಕೈ ನಿಂತಿತು, ಇಳಿಯಲಿಲ್ಲ. ಕರ್ಪೂರ ಕರಗುತ್ತ ಸಣ್ಣದಾಯಿತು. ಕಡೆಗೆ ತಾನೇ ಆರಿ, ತಟ್ಟೆಯಲ್ಲಿ ಕಪ್ಪು ಕಲೆ ಉಳಿಯಿತು. ಅವನು ಕೈ ಹಿಂದಕ್ಕೆಳೆದುಕೊಂಡ.

"ನಾನು ಅವನ್ನ ಕಾಣ್ಲಿಲ್ಲ," ಎಂದ. "ಕಂಡಿದ್ದು ನನ್ ಬಾಮೈದನ್ನ."

ಹಿಂದಿನಿಂದ ಅವ್ವನ ದನಿ ಬಂತು. "ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ ಸಲ ಏಳು."

ಅವನು ಇನ್ನೊಮ್ಮೆ ಹೇಳಿದ. ಅವ್ವ ಮುಂದೆ ಬಂದು ಅವನ ಎದುರಿಗೇ ನಿಂತು, ಮತ್ತೂ ಒಮ್ಮೆ ಹೇಳಿಸಿದಳು. ಅವಳಿಗೆ ಮೊದಲ ಸಲವೇ ಕೇಳಿಸಿತ್ತೆಂದು ನನಗೆ ಗೊತ್ತು. ಬೇಸಿಗೆಯೆಲ್ಲ ಒಣಗಿದ ಬಾಯಿಗೆ ಯಾರೋ ಬೆಲ್ಲದ ನೀರು ಹೊಯ್ದಂತೆ ನನಗೆ ಆ ಮಾತು ಇಳಿಯಿತು. ಬೆನ್ನ ಹಿಂದೆ ಕುರಿಯಂತೆ ಅರಚಿದ್ದವರ ಮುಖಗಳನ್ನು ನಾನು ಒಂದೊಂದಾಗಿ ನೋಡಿದೆ. ಎಲ್ಲರೂ ನೆಲ ನೋಡುತ್ತಿದ್ದರು.

ಆಮೇಲೆ ಗದ್ದಲವೆದ್ದಿತು. ಅಷ್ಟು ಕಾಲ ಬಾಯಿ ಹೊಲಿದುಕೊಂಡವರೇ ಈಗ ಮುಂದೆ ಬಂದರು. ಅವನಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು, ಅವನು ಮುಟ್ಟಿದ ಕಲ್ಲುಗಳನ್ನೂ ತೊಳೆಯಬೇಕು ಎಂದರು. ನಾನು ತಡೆಯಲಿಲ್ಲ. ಇನ್ನೂ ಹೇಳಲಿ ಎಂದು ಕಾದೆ.

ಪೂಜಾರಕ್ಕ ಗದ್ದಲದ ನಡುವೆ ಬಂದು ನನ್ನ ಮುಂದೆ ನಿಂತಳು. ದೊಡ್ಡ ದನಿಯ ಹೆಂಗಸು ಅಂದು ಮೆಲ್ಲಗೆ ಮಾತಾಡಿದಳು.

"ಮುಗೀತಾ ನಿನ್ ಕೇಸು? ಅಮ್ಮನ್ನ ಬಿಸ್ಲಾಗೆ ಕೂರ್ಸಿ ಕೋರ್ಟು ನಡೆಸ್ದೆ."

"ನ್ಯಾಯ ಕೇಳ್ದೆ ಅಕ್ಕ."

"ನ್ಯಾಯ ಕೇಳಾದು ತಪ್ಪಲ್ಲ. ನನ್ನ ಕೇಳಿದ್ರೆ ಅವನ್ನ ಕೈ ಇಡ್ಕಂಡು ನಿಮ್ಮವ್ವನ ತಾವಕ್ಕೆ ನಾನೇ ಕರ್ಕಂಡು ಬರ್ತಿದ್ದೆ. ಅವನು ನನ್ನತ್ರ ಏಳ್ಕಂಡಾಗಿತ್ತು. ಬರ್ತೀನಿ ಅಂತಾನೂ ಅಂದಿದ್ದ. ದೈರ್ಯ ಬರ್ಲಿ ಅಂತ ಕಾಯ್ತಾ ಇದ್ದೆ."

ಅದು ನಿಜವೋ, ಜನರಿಂದ ಅವನನ್ನು ಕಾಪಾಡಲು ಅವಳು ಆ ಗಳಿಗೆಯಲ್ಲಿ ಕಟ್ಟಿದ ಮಾತೋ ತಿಳಿಯದು. ನಿಜವಾಗಿದ್ದರೆ ನನಗೆ ಇನ್ನೂ ಸಿಟ್ಟು. ಅವಳ ಎಣ್ಣೆಯ ಕೈಗೆ ಕರಗಿ ಅವನು ತಾನಾಗಿ ಬಂದು ಕೊಡುವ ಮಾತು ನನಗೆ ಬೇಡವಾಗಿತ್ತು. ಅವನಿಂದ ಕಿತ್ತುಕೊಂಡ ಮಾತೇ ಬೇಕಿತ್ತು. ಹಾಗೆಂದು ಅವಳಿಗೆ ಹೇಳಿಯೂ ಹೇಳಿದೆ.

ಅವಳು ಜನರ ಕಡೆ ತಿರುಗಿ, ಅಮ್ಮನನ್ನು ಒಳಗೆ ಕೂರಿಸುವ ಹೊತ್ತಾಯಿತು, ಎತ್ತುವವರು ಈ ಇಬ್ಬರೇ ಎಂದಳು. ಕೂಗಾಟ ಜೋರಾಯಿತು. ಅವನು ಮುಟ್ಟಬಾರದು ಎಂದರು. ಹಾಗಾದರೆ ಇವನ ಸುಳ್ಳು ಗೊತ್ತಿದ್ದೂ ಸುಮ್ಮನಿದ್ದವರು ಯಾರು ಯಾರು, ಅವರೂ ಮುಟ್ಟಬಾರದು, ಮೊದಲು ಅವರೆಲ್ಲ ಆಚೆ ನಿಲ್ಲಲಿ ಎಂದಳು. ಸದ್ದು ಅಡಗಿತು. ಒಬ್ಬನೂ ಆಚೆ ಹೋಗಿ ನಿಲ್ಲಲಿಲ್ಲ, ಒಬ್ಬನೂ ಮತ್ತೆ ಮಾತಾಡಲಿಲ್ಲ.

ಮೂಲೆಮನೆಯವನು ಹಲಗೆಯ ಒಂದು ತುದಿಯಲ್ಲಿ ತಲೆ ತಗ್ಗಿಸಿ ನಿಂತ. ಇನ್ನೊಂದು ತುದಿ ಖಾಲಿ. ಎಲ್ಲರ ಕಣ್ಣೂ ಈಗ ನನ್ನ ಮೇಲೆ. ಒಂದು ಗಳಿಗೆಯ ಹಿಂದೆ ಅವನನ್ನು ನಿಲ್ಲಿಸಿದ್ದ ಜಾಗದಲ್ಲಿ ಈಗ ನಾನು ನಿಂತಿದ್ದೆ. ನನ್ನ ಕಾಲು ಏಳಲೊಲ್ಲದು. ಕಡೆಗೆ ಅವ್ವ ಬಂದು ನನ್ನ ಮೊಣಕೈ ಹಿಡಿದಳು. ಎತ್ತು, ಅಮ್ಮ ಏನು ತಪ್ಪು ಮಾಡಿದಳು ಎಂದಳು. ಎತ್ತಿದೆ. ನಾವಿಬ್ಬರೂ ಸೇರಿ ದೇವಿಯನ್ನು ಒಳಗೆ ಕೂರಿಸಿದೆವು. ಪೂಜಾರಕ್ಕ ಗಂಟೆ ಬಾರಿಸಿದಳು. ನಾನು ಕೈಮುಗಿಯದೆ ಹೊರಗೆ ಬಂದೆ.

ಆಮೇಲೆ ನಡೆದದ್ದು ನಾನು ಎಣಿಸದೇ ಇದ್ದದ್ದು. ಒಂದೆರಡು ದಿನ ಕಳೆದ ಮೇಲೆ ಪೂಜಾರಕ್ಕ ಮೂಲೆಮನೆಯವನನ್ನು ಕರೆದುಕೊಂಡು ನಮ್ಮ ಹೊಸ ಗುಡಿಸಲಿಗೆ ಬಂದಳು. ಅವನು ಹೊರಗೇ ನಿಂತ. ಅವಳು ಅವ್ವನ ಪಕ್ಕ ಕುಳಿತು, ಇವನು ಸಿಲೋನಿಗೆ ಹೋಗುತ್ತಾನೆ ಎಂದಳು. ಹೆಂಡತಿಯ ಹೆರಿಗೆ ಆದ ಮೇಲೆ ಅದೇ ಕಂಗಾಣಿಯ ಕೈಕೆಳಗೆ ಆಳಾಗಿ ಸೇರಿ, ಅಣ್ಣ ಇರುವ ತೋಟ ಹುಡುಕಿ, ಅವನ ಮುಂದೆ ನಿಂತು, ಊರಿನ ಮುಂದೆ ನಿಜ ಹೇಳಿದ್ದೇನೆ, ನಿನ್ನ ಹೆಸರು ತೊಳೆದಿದೆ ಎಂದು ಹೇಳುತ್ತಾನೆ. ಬಂದರೆ ಕರೆದುಕೊಂಡು ಬರುತ್ತಾನೆ. ಅಲ್ಲಿಯವರೆಗೆ ಇವನ ಹೆಂಡತಿ ಮಕ್ಕಳು ತನ್ನ ಜೊತೆ ಇರುತ್ತಾರೆ ಎಂದಳು.

ಇದು ಅವಳು ಹಾಕಿದ ದಂಡವೋ ಅವನೇ ಬೇಡಿದ್ದೋ ಎಂದು ಅವ್ವ ಕೇಳಿದಳು. ದಂಡವಲ್ಲ, ಇದೂ ಅಮ್ಮನ ಕೆಲಸವೇ ಎಂದಳು ಪೂಜಾರಕ್ಕ. ಗುಡಿಯ ಕಲ್ಲು ಹೊರಲು ನಮ್ಮನ್ನು ಕೇಳಿದಂತೆಯೇ ಅವನನ್ನೂ ಕೇಳಿದಳಂತೆ. ಇದು ಯಾರ ಕೈಲಿ ಆದೀತು ಎಂದು. ಅವನು ನನ್ನ ಕೈಲಿ ಎಂದನಂತೆ.

ನನಗೆ ಮೋಸ ಹೋದಂತಾಯಿತು. ಅವನಿಗೆ ಸಿಕ್ಕಬೇಕಾದ ಶಿಕ್ಷೆಯನ್ನು ಈ ಹೆಂಗಸು ಸೇವೆ ಮಾಡಿಬಿಟ್ಟಳು. ಊರು ಅವನನ್ನು ಉಗಿಯುವ ಬದಲು ಈಗ ಅವನಿಗೆ ದಾರಿಯ ಬುತ್ತಿ ಕಟ್ಟುತ್ತದೆ. ಹಾಗೆಯೇ ಆಯಿತು. ಅವನು ಹೊರಟ ದಿನ ನಾನು ಮೇಡಿನ ಹೊಲದಿಂದ ಬರಲಿಲ್ಲ.

ಅಷ್ಟರಲ್ಲಿ ನೀರು ಸುಣ್ಣದ ಗೆರೆಯವರೆಗೆ ಬಂದು ನಿಂತಿತ್ತು. ನಮ್ಮ ಊರಿನ ಹುಣಸೆ ಮರಗಳ ತಲೆಗಳು ಕೆಲವು ದಿನ ನೀರಿನ ಮೇಲೆ ಕಾಣುತ್ತಿದ್ದವು, ಆಮೇಲೆ ಅವೂ ಇಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಲೆಮನೆಯವನ ಸುದ್ದಿಯಿಲ್ಲ. ಅವ್ವ ಮಾತ್ರ ಮತ್ತೆ ಗುಡಿಗೆ ಹೋಗತೊಡಗಿದಳು. ಅವನ ಎಳೆಗೂಸನ್ನು ಪೂಜಾರಕ್ಕ ಅವಳ ಮಡಿಲಿಗೆ ಹಾಕಿದರೆ ಹಿಡಿದುಕೊಳ್ಳುತ್ತಿದ್ದಳು. ನಾನು ಅದನ್ನು ಕಂಡರೆ ಅವತ್ತು ಮನೆಯಲ್ಲಿ ಉಣ್ಣುತ್ತಿರಲಿಲ್ಲ.

ಅವನು ಬಂದದ್ದು ಒಂದು ಮಧ್ಯಾಹ್ನ. ಗುರುತು ಸಿಗದಷ್ಟು ಬಡವಾಗಿದ್ದ, ಕಾಲೆಲ್ಲ ಜಿಗಣೆ ಕಚ್ಚಿದ ಕಲೆ. ತನ್ನ ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದು ಅಂಗಳದಲ್ಲಿ ಕುಳಿತ. ಅಣ್ಣ ಜೊತೆಗಿರಲಿಲ್ಲ. ಅವ್ವ ಬಾಗಿಲಿಗೆ ಬಂದಳು.

ನಿನ್ನ ಮಗ ಸಿಕ್ಕ ಎಂದ. ಎತ್ತರದ ಬೆಟ್ಟದ ತೋಟದಲ್ಲಿದ್ದಾನೆ. ಮೈ ಚೆನ್ನಾಗಿದೆ. ಮದುವೆಯಾಗಿದ್ದಾನೆ, ಹೆಂಡತಿ ತಮಿಳಿನವಳು, ಒಂದು ಹೆಣ್ಣುಮಗು. ಎಲ್ಲ ಹೇಳಿದೆ. ಕೇಳಿಸಿಕೊಂಡ. ಬರುವುದಿಲ್ಲ ಎಂದ.

ಎಂಥ ಕಾಲ ಬಂತು ನೋಡಿ. ಯಾವ ಬಾಯಿಯ ಸುಳ್ಳಿನಿಂದ ಅಣ್ಣ ಹೋದನೋ, ಈಗ ಅವನ ಸುದ್ದಿಯನ್ನು ಅದೇ ಬಾಯಿಂದ ಕೇಳಿ ನಂಬಬೇಕು. ಬೇರೆ ಬಾಯಿ ಇಲ್ಲ. ನಾನು ನಂಬುವುದಿಲ್ಲವೆಂದು ಕೂಗಾಡಿದೆ. ಇವನು ಹುಡುಕಿಯೇ ಇಲ್ಲ, ಎಲ್ಲೋ ಕೂಲಿ ಮಾಡಿಕೊಂಡಿದ್ದು ಬಂದು ಕತೆ ಕಟ್ಟುತ್ತಿದ್ದಾನೆ ಎಂದೆ.

ಅವ್ವ ನನ್ನನ್ನು ಸುಮ್ಮನಿರಿಸಿ ಅವನನ್ನು ಕೇಳಿದಳು. "ನನ್ ಇಚಾರ ಏನ್ ಕೇಳ್ದ?"

"ಏನೂ ಕೇಳ್ಲಿಲ್ಲ ದೊಡ್ಡವ್ವ," ಎಂದ.

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಇವನು ಹೇಳುವುದು ನಿಜ ಎಂದಳು. ಸುಳ್ಳು ಹೇಳುವವನಾಗಿದ್ದರೆ, ಮಗ ನಿನ್ನನ್ನು ನೆನೆದು ಅತ್ತ ಎಂದು ಹೇಳುತ್ತಿದ್ದ. ಅದಕ್ಕಿಂತ ಸುಲಭದ ಸುಳ್ಳು ಯಾವುದಿದೆ?

ಅವಳು ಒಳಗೆ ಹೋಗಿ ಮಲಗಿದಳು. ಅವನು ಅಂಗಳದಲ್ಲಿ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದು ಎದ್ದುಹೋದ. ನಾನು ಕುಡಿಯಲು ನೀರು ಕೊಡಲಿಲ್ಲ. ಅವನು ಸುಳ್ಳು ಹೇಳಿದಾಗ ಅವನ ಮೇಲೆ ಎಷ್ಟು ಹಗೆಯಿತ್ತೋ, ಆ ನಿಜ ಹೇಳಿದ ದಿನ ಅದಕ್ಕಿಂತ ಹೆಚ್ಚು ಹಗೆಯಾಯಿತು. ಅವ್ವನ ಮುಖ ಅಂದಿನ ಮೇಲೆ ಮೊದಲಿನಂತಾಗಲಿಲ್ಲ.

ಅಣ್ಣ ಬರಲೇ ಇಲ್ಲ. ಪೂಜಾರಕ್ಕ ಕೆಲವು ವರ್ಷ ಬದುಕಿದ್ದಳು. ತಾಳೆಗರಿ ತೆಗೆದು ಗುಡಿಗೆ ಕಲ್ಲಿನ ಮಾಡು ಹಾಕಿಸುವ ಕೆಲಸಕ್ಕೆ ಅವಳ ಕೈಯಲ್ಲಿ ಶಕ್ತಿಯಿರಲಿಲ್ಲ. ಆಳು ಸೇರಿಸಿ ನಡೆಸುವ ಭಾರವನ್ನು ನನಗೇ ಒಪ್ಪಿಸಿದಳು. ನಾನು ಯಾಕೆ ಎಂದು ಕೇಳಿದ್ದಕ್ಕೆ, ನಿನಗೆ ಹಟ ಇದೆ, ಅದು ಒಂದಲ್ಲ ಒಂದು ಕೆಲಸಕ್ಕೆ ಬರಲಿ ಎಂದಳು. ಅವಳು ಮಾಡಿದಂತೆ ಮಾಡಲು ನೋಡಿದೆ. ಉಂಡಿದ್ದೀರಾ ಎಂದು ಕೇಳುತ್ತಿದ್ದೆ, ಎಣ್ಣೆ ಕಾಯಿಸಿಡುತ್ತಿದ್ದೆ. ಜನ ಬಂದರು, ಮಾಡು ಎದ್ದಿತು. ಮನೆಮನೆಗೆ ಹೋಗಿ ಎಲ್ಲರನ್ನೂ ಕರೆದೆ, ಒಂದು ಮನೆಯನ್ನು ಬಿಟ್ಟು. ಕರೆಯದಿದ್ದರೂ ಅವನು ಬರುತ್ತಿದ್ದ. ಯಾವ ಮೂಲೆಯಲ್ಲಿ ಕೆಲಸ ಕಷ್ಟವೋ ಅಲ್ಲಿ ಹೋಗಿ ನಿಲ್ಲುತ್ತಿದ್ದ. ನಾನು ಅವನಿಗೆ ಇದು ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಎಣ್ಣೆಯ ಬಟ್ಟಲು ಸುತ್ತು ಬರುವಾಗ ಅವನ ಮುಂದೆ ನೆಲದ ಮೇಲಿಟ್ಟು ಮುಂದಕ್ಕೆ ಹೋಗುತ್ತಿದ್ದೆ. ಅವನೇ ತೆಗೆದು ತನ್ನ ಹೆಗಲಿಗೆ ಹಚ್ಚಿಕೊಳ್ಳುತ್ತಿದ್ದ.